ಫೀಡಿನ ಆಂಟಿಬಯೋಟಿಕ್ ಸಾಲ್ಮೊನೆಲ್ಲಾಕ್ಕೆ ಮದ್ದಲ್ಲ: ನಮ್ಮ ಕಡೆಯ ಬ್ರಾಯ್ಲರ್ ಸಾಕುವವರಿಗೆ

2022ರ ಮೇ ತಿಂಗಳಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಲ್ಲಿ ಶವರ್ಮಾ ತಿಂದು ಹದಿನಾರು ವರ್ಷದ ಹುಡುಗಿ ತೀರಿಕೊಂಡದ್ದು, ಇನ್ನೂ ಎಷ್ಟೋ ಮಂದಿ ಆಸ್ಪತ್ರೆ ಸೇರಿದ್ದು ಯಾರಿಗೂ ಮರೆತಿರ್ಲಿಕ್ಕಿಲ್ಲ. ಆಸ್ಪತ್ರೆ ಸೇರಿದವರಲ್ಲಿ ಸಿಕ್ಕಿದ್ದು ಶಿಗೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ, ಆದ್ರೆ ಆಮೇಲೆ ಫುಡ್ ಸೇಫ್ಟಿಯವರು ಪರೀಕ್ಷೆ ಮಾಡಿದ ಶವರ್ಮಾ ಸ್ಯಾಂಪಲ್ಲಲ್ಲಿ ಸಾಲ್ಮೊನೆಲ್ಲಾ ಸಹ ಇತ್ತು. ಆಗ ಎಲ್ರೂ ಅಂಗಡಿಯ ಶುಚಿತ್ವದ ಬಗ್ಗೆ ಮಾತಾಡಿದ್ರು, ಮಾತಾಡ್ಲೇಬೇಕಾದ ವಿಷಯವೇ. ಆದ್ರೆ ಕೋಳಿ ಸಾಕುವ ನಾವು ಕೇಳ್ಬೇಕಾದ ಪ್ರಶ್ನೆ ಬೇರೆ ಉಂಟು. ಸಾಲ್ಮೊನೆಲ್ಲಾ ಕೋಳಿಯ ಕರುಳಲ್ಲಿ ಬದುಕುವ ಬ್ಯಾಕ್ಟೀರಿಯಾ, ಕೋಳಿಮಾಂಸದ ಮೂಲಕ ಅದು ಅಂಗಡಿಗೆ ಬಂತು ಅಂತಾದ್ರೆ ಅದಕ್ಕಿಂತ ಮೊದ್ಲು ಯಾವುದೋ ಒಂದು ಶೆಡ್ಡಲ್ಲಿ ಇದ್ದಿರ್ಲೇಬೇಕು.

ಈ ಪ್ರಶ್ನೆ ಎತ್ತಿದ ಕೂಡ್ಲೇ ಬದಿಯಡ್ಕದಿಂದ ಉಪ್ಪಳದವರೆಗೆ ಹೆಚ್ಚಿನವರು ಹೇಳುದು ಒಂದೇ ಮಾತು, "ಫೀಡಲ್ಲೇ ಮದ್ದು ಉಂಟಲ್ಲ, ನಮ್ಮ ಕೋಳಿಗೆ ಎಂತ ಆಗುದಿಲ್ಲ". ಈ ಲೇಖನ ಬರೀತಿರುದೇ ಆ ಮಾತು ತಪ್ಪು ಅಂತ ತೋರಿಸ್ಲಿಕ್ಕೆ, ಮತ್ತೆ ಅದರ ಬದಲು ಎಂತ ಮಾಡ್ಬೇಕು ಅಂತ ಒಂದೊಂದಾಗಿ ಹೇಳ್ಲಿಕ್ಕೆ. ನಮ್ಮಲ್ಲಿಗೆ ಬರುವ ಸರ್ಕಾರಿ ಸೂಚನೆಗಳು ಹೆಚ್ಚಾಗಿ ಮಲಯಾಳದಲ್ಲಿ, ಮದ್ದಿನ ಲೇಬಲ್ ಇಂಗ್ಲಿಷಲ್ಲಿ, ನಡುವೆ ಕನ್ನಡ ಓದುವ ಸಾಕಣೆದಾರರಿಗೆ ಅಂಗಡಿಯವ ಹೇಳಿದ್ದೇ ವೇದವಾಕ್ಯ ಆಗಿಬಿಡ್ತದೆ, ಅದು ಸರಿಯಲ್ಲ.

ಮೊದ್ಲು ಕರುಳಿನ ಒಳಗೆ ಎಂತ ನಡೀತದೆ ನೋಡುವ

ಸಾಲ್ಮೊನೆಲ್ಲಾದಲ್ಲಿ 2500ಕ್ಕಿಂತ ಹೆಚ್ಚು ಬಗೆ ಉಂಟು. ಪುಲ್ಲೋರಂ, ಗ್ಯಾಲಿನೇರಂ ಅಂತ ಎರಡು ಕೋಳಿಗೇ ಕಾಯಿಲೆ ತರುವಂಥವು, ಪುಲ್ಲೋರಂ ಬಂದ್ರೆ ಮರಿಗಳು ಬಿಳಿ ಹಿಕ್ಕೆ ಹಾಕಿ ಗುಂಪುಗುಂಪಾಗಿ ಮುದುಡಿ ಸಾಯ್ತವೆ, ಅದು ಎಲ್ರಿಗೂ ಕಾಣ್ತದೆ. ಅಪಾಯ ಇರುದು ಕಾಣದ್ದರಲ್ಲಿ. ಎಂಟರೈಟಿಡಿಸ್, ಟೈಫಿಮ್ಯೂರಿಯಂ ಅಂತ ಬೇರೆ ಎರಡು ಉಂಟು, ಮನುಷ್ಯರಿಗೆ ವಾಂತಿಭೇದಿ ಜ್ವರ ತರುವಂಥವು, ಅವು ಬೆಳೆದ ಬ್ರಾಯ್ಲರ್ ಕೋಳಿಯ ಕರುಳಲ್ಲಿ ಇದ್ರೂ ಕೋಳಿ ಚೆನ್ನಾಗಿ ತಿಂತದೆ, ತೂಕ ಬರ್ತದೆ, ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ಎಷ್ಟು ಫೀಡ್ ಬೇಕಾಯ್ತು ಅನ್ನುವ ಲೆಕ್ಕ) ಸರಿ ಇರ್ತದೆ, ಒಂದು ಲಕ್ಷಣವೂ ಇಲ್ಲ. ಹಾಗಾಗಿ ಕೋಳಿ ಸಾಯ್ಲಿಲ್ಲ ಅಂತ ಹೇಳಿ ಶೆಡ್ಡಲ್ಲಿ ಸಾಲ್ಮೊನೆಲ್ಲಾ ಇಲ್ಲ ಅಂತ ತಿಳ್ಕೊಳ್ಳುವ ಹಾಗಿಲ್ಲ.

ಈಗ ಫೀಡಿನ ಮದ್ದಿನ ವಿಷಯ. ಅಮೆರಿಕದಲ್ಲಿ 1940ರ ದಶಕದ ಕೊನೆಗೆ ಕ್ಲೋರ್‌ಟೆಟ್ರಾಸೈಕ್ಲಿನ್ ಸ್ವಲ್ಪ ಪ್ರಮಾಣದಲ್ಲಿ ತಿಂದ ಕೋಳಿ ಬೇಗ ಬೆಳೀತದೆ ಅಂತ ಗೊತ್ತಾಯ್ತು, ಅಲ್ಲಿಂದ ಶುರುವಾದ ಅಭ್ಯಾಸ ಇದು. ನಮ್ಮ ಫೀಡುಗಳಲ್ಲಿ ಹೆಚ್ಚಾಗಿ ಹಾಕ್ತಾ ಬಂದದ್ದು ಬ್ಯಾಸಿಟ್ರಾಸಿನ್, ಎನ್ರಾಮೈಸಿನ್, ವರ್ಜೀನಿಯಾಮೈಸಿನ್, ಟೈಲೋಸಿನ್, ಲಿಂಕೋಮೈಸಿನ್, ಇಂಥವು. ಇವೆಲ್ಲ ಮುಖ್ಯವಾಗಿ ಗ್ರಾಂ ಪಾಸಿಟಿವ್ ಅಂತ ಹೇಳುವ ಗುಂಪಿನ ಬ್ಯಾಕ್ಟೀರಿಯಾಗಳನ್ನು ಹೊಡೆಯುವಂಥವು, ಕ್ಲಾಸ್ಟ್ರಿಡಿಯಂನಂಥದ್ದು, ಕರುಳು ಕೊಳೆಯುವ ಕಾಯಿಲೆ ತರ್ತದಲ್ಲ ಅದು. ಸಾಲ್ಮೊನೆಲ್ಲಾ ಇರುದು ಗ್ರಾಂ ನೆಗೆಟಿವ್ ಗುಂಪಲ್ಲಿ. ಅಂದ್ರೆ ಫೀಡಲ್ಲಿ ಹಾಕಿದ ಇಂಥ ಮದ್ದು ಸಾಲ್ಮೊನೆಲ್ಲಾವನ್ನು ಹೆಚ್ಚಾಗಿ ಮುಟ್ಟುದಿಲ್ಲ, ಮುಟ್ಟುದು ಅದರ ಪಕ್ಕದಲ್ಲಿದ್ದು ಅದಕ್ಕೆ ಜಾಗ ಕೊಡದೆ ಇದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು.

ಬೆಳಗ್ಗಿನ ಕಾಸರಗೋಡು–ಮಂಗಳೂರು ಬಸ್ಸನ್ನು ನೆನೆಸಿಕೊಳ್ಳಿ, ಕುಂಬಳೆಯಲ್ಲೇ ಸೀಟೆಲ್ಲ ತುಂಬಿದ್ರೆ ಆಮೇಲೆ ಹತ್ತುವವರಿಗೆ ಕೂರ್ಲಿಕ್ಕೆ ಜಾಗ ಇಲ್ಲ, ಕೂತವರನ್ನು ನಾವೇ ಇಳಿಸಿದ್ರೆ ಯಾರು ಬೇಕಾದ್ರೂ ಕೂರ್ಬಹುದು. ಕರುಳಲ್ಲೂ ಹಾಗೇ. 1971ರಲ್ಲಿ ಫಿನ್ಲೆಂಡಿನ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಜೋರಾಗಿ ಹಬ್ಬಿತ್ತು, ಆಗ ನೂರ್ಮಿ ಮತ್ತೆ ರಾಂಟಲಾ ಅಂತ ಇಬ್ಬರು ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನು ಒಂದು ದಿನದ ಮರಿಗೆ ಕೊಟ್ಟು ನೋಡಿದ್ರು, ಮರಿ ಸಾಲ್ಮೊನೆಲ್ಲಾವನ್ನು ತಡೆದುಕೊಂಡಿತು, 1973ರಲ್ಲಿ ಅದನ್ನು ಪ್ರಕಟಿಸಿದ್ರು. ಅದೇ ದಶಕದಲ್ಲಿ ಇಂಗ್ಲೆಂಡಲ್ಲಿ ಮಾಡಿದ ಪ್ರಯೋಗಗಳಲ್ಲಿ ಅವೊಪಾರ್ಸಿನ್ ಅನ್ನುವ ಆಂಟಿಬಯೋಟಿಕ್ ಹಾಕಿದ ಫೀಡ್ ತಿಂದ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಕಡಿಮೆ ಆಗುದರ ಬದಲು ಹೆಚ್ಚೇ ನೆಲೆಯೂರಿದ್ದು ಕಂಡಿತು. ಎಲ್ಲ ಮದ್ದೂ ಹೀಗೇ ಅಂತಲ್ಲ, ಒಂದೊಂದರ ಪರಿಣಾಮ ಒಂದೊಂದು ರೀತಿ, ಆದ್ರೆ ಫೀಡಲ್ಲಿ ಆಂಟಿಬಯೋಟಿಕ್ ಉಂಟು ಹಾಗಾಗಿ ಸಾಲ್ಮೊನೆಲ್ಲಾ ಬರುದಿಲ್ಲ ಅನ್ನುವ ನಂಬಿಕೆಗೆ ಆಧಾರ ಇಲ್ಲ.

ಹಾಗಾದ್ರೆ ಸಾಲ್ಮೊನೆಲ್ಲಾವನ್ನೂ ಹೊಡೆಯುವ ಜೋರಿನ ಮದ್ದು, ಕೊಲಿಸ್ಟಿನ್ ಎನ್ರೋಫ್ಲೋಕ್ಸಾಸಿನ್ ಅಂಥದ್ದು ಹಾಕಿದ್ರಾಯ್ತಲ್ಲ ಅಂತ ಕೇಳುವವರೂ ಇದ್ದಾರೆ. ಅಲ್ಲಿ ಇನ್ನೂ ದೊಡ್ಡ ಕಷ್ಟ ಉಂಟು. ದಿನಾ ಸ್ವಲ್ಪ ಸ್ವಲ್ಪ ಮದ್ದು ಸಿಕ್ಕಿದ ಸಾಲ್ಮೊನೆಲ್ಲಾದಲ್ಲಿ ಮದ್ದಿಗೆ ಬಗ್ಗದ್ದು ಮಾತ್ರ ಉಳೀತದೆ, ಅದೇ ಬೆಳೀತದೆ, ಅದೇ ಮಾಂಸದ ಜೊತೆ ಮನೆಗೆ ಹೋಗ್ತದೆ. ಎನ್ರೋಫ್ಲೋಕ್ಸಾಸಿನ್ ಕೋಳಿಯ ಮೈಯಲ್ಲಿ ಸ್ವಲ್ಪ ಸಿಪ್ರೋಫ್ಲೋಕ್ಸಾಸಿನ್ ಆಗಿ ಬದಲಾಗ್ತದೆ, ಅದು ನಮಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು. ಈ ಗುಂಪಿನ ಮದ್ದಿಗೆ ಬಗ್ಗದ ಸಾಲ್ಮೊನೆಲ್ಲಾವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅಪಾಯದ ಪಟ್ಟಿಯಲ್ಲಿ ಸೇರಿಸಿದೆ. ಅಮೆರಿಕದಲ್ಲಿ 2005ರಲ್ಲಿ ಕೋಳಿಗೆ ಎನ್ರೋಫ್ಲೋಕ್ಸಾಸಿನ್ ಕೊಡುದನ್ನೇ ನಿಲ್ಲಿಸಿದ್ರು, ಅಲ್ಲಿ ಕಾರಣ ಕ್ಯಾಂಪಿಲೋಬ್ಯಾಕ್ಟರ್ ಅಂತ ಇನ್ನೊಂದು ಬ್ಯಾಕ್ಟೀರಿಯಾ, ಆದ್ರೆ ಕಥೆ ಒಂದೇ.

ಚೀಲದ ಚೀಟಿ ಓದಿ

ಇದು ಒಂದನೇ ಕೆಲಸ, ಖರ್ಚೇ ಇಲ್ಲದ ಕೆಲಸ. ಪ್ರೀ ಸ್ಟಾರ್ಟರ್, ಸ್ಟಾರ್ಟರ್, ಫಿನಿಶರ್ ಅಂತ ಕೋಳಿಯ ವಯಸ್ಸಿಗೆ ತಕ್ಕ ಹಾಗೆ ಕೊಡುವ ಮೂರು ಫೀಡಿನ ಚೀಲದ ಚೀಟಿಯನ್ನೂ ಫೋನಲ್ಲಿ ಫೋಟೋ ತೆಗೆದು ಇಟ್ಕೊಳ್ಳಿ. ಮೈಸಿನ್, ಸೈಕ್ಲಿನ್, ಫ್ಲೋಕ್ಸಾಸಿನ್ ಅಂತ ಕೊನೆಯಾಗುವ ಹೆಸರು ಕಂಡ್ರೆ ಅಲ್ಲಿ ನಿಲ್ಲಿ, ಬ್ಯಾಸಿಟ್ರಾಸಿನ್ನನ್ನು ಬಿಎಂಡಿ ಅಂತ, ಕ್ಲೋರ್‌ಟೆಟ್ರಾಸೈಕ್ಲಿನ್ನನ್ನು ಸಿಟಿಸಿ ಅಂತ ಚಿಕ್ಕದಾಗಿ ಬರೆದಿರ್ತದೆ ಅದೂ ಗೊತ್ತಿರ್ಲಿ. ಆದ್ರೆ ಗಡಿಬಿಡಿ ಮಾಡ್ಬೇಡಿ, ಸಾಲಿನೋಮೈಸಿನ್, ಮಡುರಾಮೈಸಿನ್, ಮೊನೆನ್ಸಿನ್ ಇವು ರಕ್ತಭೇದಿ ಕಾಯಿಲೆ, ಅದೇ ಕಾಕ್ಸಿಡಿಯೋಸಿಸ್ ಬಾರದ ಹಾಗೆ ಹಾಕುವಂಥವು, ಮನುಷ್ಯರಿಗೆ ಈ ಮದ್ದು ಕೊಡುದಿಲ್ಲ, ಇವುಗಳ ಲೆಕ್ಕ ಬೇರೆ. ಇವನ್ನು ಹೇಳದೆ ಕೇಳದೆ ನಿಲ್ಲಿಸಿದ್ರೆ ರಕ್ತಭೇದಿ ಬಂದು ಬ್ಯಾಚೇ ಹೋಗ್ಬಹುದು. ಮತ್ತೊಂದು, ಸಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಇರುವ ಫೀಡ್ ತಿಂತಿರುವ ಕೋಳಿಗೆ ನೀರಲ್ಲಿ ಟಯಾಮುಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ರೆ ವಿಷ ಆಗ್ತದೆ, ಕಾಲು ಬಿದ್ದು ಸಾಯ್ತವೆ, ಚೀಟಿ ಓದ್ಲೇಬೇಕಾದ ಇನ್ನೊಂದು ಕಾರಣ ಇದು.

ಕೊಲಿಸ್ಟಿನ್ ಕಂಡ್ರೆ ವಾಪಸ್ ಕೊಡಿ. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಕೊಡುವ ಕೊನೆಯ ಮದ್ದು ಅದು, 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕೋಳಿಗೂ ಮೀನು ಸಾಕಣೆಗೂ ಫೀಡಿಗೂ ಅದನ್ನು ನಿಷೇಧ ಮಾಡಿದೆ. ಹಳೇ ಸ್ಟಾಕು ಅಂತ ಯಾರಾದ್ರೂ ಕೊಟ್ರೂ ಮುಟ್ಬೇಡಿ.

ಇಂಟಿಗ್ರೇಶನಲ್ಲಿ, ಅಂದ್ರೆ ಕಂಪೆನಿಯ ಜೊತೆ ಒಪ್ಪಂದ ಮಾಡಿ, ಸಾಕುವವರು ಹೇಳ್ತಾರೆ, ಮರಿ ಕಂಪೆನಿದು ಫೀಡ್ ಕಂಪೆನಿದು ಮದ್ದು ಕಂಪೆನಿದು, ನಮ್ಮದು ಶೆಡ್ಡು ಮತ್ತೆ ಕೆಲಸ ಮಾತ್ರ, ನಾವೆಂತ ಕೇಳುದು ಅಂತ. ಕೇಳ್ಲಿಕ್ಕೆ ಆಗ್ತದೆ. ಸೂಪರ್‌ವೈಸರ್ ಬಂದಾಗ ಈ ಫೀಡಲ್ಲಿ ಯಾವ ಆಂಟಿಬಯೋಟಿಕ್ ಉಂಟು, ಯಾಕೆ ಹಾಕಿದ್ದು, ಅದಿಲ್ಲದ ಫೀಡ್ ಉಂಟಾ, ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬ್ಯಾಚ್ ಪುಸ್ತಕದಲ್ಲಿ ಬರೆದಿಡಿ. ಒಬ್ಬರು ಕೇಳಿದ್ರೆ ಸುಮ್ಮನಿರ್ತಾರೆ, ಪಂಚಾಯತಿನ ಎಲ್ಲ ಸಾಕಣೆದಾರರೂ ಕೇಳಿದ್ರೆ ಕಂಪೆನಿ ಯೋಚಿಸ್ತದೆ.

ಮರಿ ಇಳಿಸುವ ದಿನ

ನಮ್ಮಲ್ಲಿಗೆ ಮರಿ ಹೆಚ್ಚಾಗಿ ಹೊರಗಿಂದ ಬರುದು, ಕೊಯಮತ್ತೂರು ಪಲ್ಲಡಂ ಕಡೆಯಿಂದ ಇಲ್ಲಾಂದ್ರೆ ಮಂಗಳೂರು ಕಡೆಯಿಂದ. ಪುಲ್ಲೋರಂ ತಾಯಿಕೋಳಿಯಿಂದ ಮೊಟ್ಟೆಯ ಒಳಗೇ ಮರಿಗೆ ಬರ್ತದೆ, ಬೇರೆ ಸಾಲ್ಮೊನೆಲ್ಲಾಗಳು ಮೊಟ್ಟೆಯಿಂದ ಮರಿ ಮಾಡಿಸುವ ಹ್ಯಾಚರಿಯಲ್ಲೂ ಹತ್ತಿಕೊಳ್ತವೆ, ಅಂಥ ಮರಿ ಬಂದ್ರೆ ನಮ್ಮ ಶೆಡ್ ಎಷ್ಟು ಕ್ಲೀನ್ ಇದ್ರೂ ಪ್ರಯೋಜನ ಇಲ್ಲ. ಹಾಗಾಗಿ ತಾಯಿಕೋಳಿಗಳ ರಕ್ತಪರೀಕ್ಷೆ ಮಾಡ್ತಾರಾ ಅಂತ ಹ್ಯಾಚರಿಯವರನ್ನು ಕೇಳಿ. ಮರಿಯ ಬಾಕ್ಸಿನ ಅಡಿಯಲ್ಲಿ ಹಾಸಿದ ಕಾಗದ ಉಂಟಲ್ಲ, ಹಿಕ್ಕೆ ತಾಗಿದ್ದು, ಅದನ್ನು ಬಿಸಾಡ್ಬೇಡಿ, ನಾಲ್ಕೈದು ಬಾಕ್ಸಿನದ್ದನ್ನು ಹೊಸ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಲ್ಯಾಬಿಗೆ ಕೊಟ್ರೆ ಸಾಲ್ಮೊನೆಲ್ಲಾ ಮರಿಯ ಜೊತೆಗೇ ಬಂತಾ ನಮ್ಮ ಶೆಡ್ಡಲ್ಲಿ ಬಂತಾ ಅಂತ ಗೊತ್ತಾಗ್ತದೆ.

ಹುಟ್ಟಿದ ಮರಿಯ ಕರುಳು ಖಾಲಿ. ಮೊದಲ ದಿನ ಬೆರಳೆಣಿಕೆಯ ಬ್ಯಾಕ್ಟೀರಿಯಾ ಹೊಕ್ಕರೂ ಮರಿಗೆ ಹತ್ತಿಬಿಡ್ತದೆ, ಕೆಲವು ದಿನ ಕಳೆದು ಕರುಳು ತುಂಬಿದ ಮೇಲೆ ಅದೇ ಮರಿಗೆ ಹತ್ತಬೇಕಾದ್ರೆ ಸಾವಿರ ಲಕ್ಷ ಬೇಕು. ಆದ್ದರಿಂದ ಮೊದಲ ಮೂರು ದಿನದ ಬ್ರೂಡಿಂಗ್, ಅಂದ್ರೆ ಮರಿಗೆ ಶಾಖ ಕೊಟ್ಟು ನೋಡಿಕೊಳ್ಳುದು, ಸರಿ ಮಾಡಿದವ ಅರ್ಧ ಗೆದ್ದ ಹಾಗೆ. ಮರಿ ಬರುವ ಮೊದ್ಲೇ ನೆಲಕ್ಕೆ ಹಾಸಿದ ಉಮಿಯ ಮೇಲೆ 32, 33 ಡಿಗ್ರಿ ಬೆಚ್ಚಗೆ ಇರ್ಲಿ, ಮರಿಯ ಕಾಲನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ರೆ ಶಾಖ ಸಾಲದು. ಇಳಿಸಿದ 24 ಗಂಟೆಗೆ ಗಂಟಲ ಚೀಲ ಮುಟ್ಟಿ ನೋಡಿದ್ರೆ ನೂರರಲ್ಲಿ 95 ಮರಿಯದ್ದಾದ್ರೂ ಮೆತ್ತಗೆ ತುಂಬಿರ್ಬೇಕು.

ಪ್ರೊಬಯೋಟಿಕ್, ಅಂದ್ರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮದ್ದು, ಕೊಡುದಾದ್ರೆ ಕೊಡ್ಬೇಕಾದ್ದು ಈ ದಿನಗಳಲ್ಲೇ, ಇಪ್ಪತ್ತನೇ ದಿನ ಕೊಟ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಮರಿ ಬಂದ ಕೂಡ್ಲೇ ಮೂರು ದಿನ, ಐದು ದಿನ ಅಂತ ನೀರಲ್ಲಿ ಆಂಟಿಬಯೋಟಿಕ್ ಕೊಡುವ ಅಭ್ಯಾಸ ನಮ್ಮಲ್ಲಿ ತುಂಬಾ ಕಡೆ ಉಂಟು, ಒಂದು ಕಡೆ ಅದನ್ನೂ ಕೊಟ್ಟು ಇನ್ನೊಂದು ಕಡೆ ಪ್ರೊಬಯೋಟಿಕ್ಕನ್ನೂ ಕೊಡ್ತಾರೆ, ಒಂದು ಇನ್ನೊಂದನ್ನು ಕೊಲ್ತದೆ, ಎರಡಕ್ಕೂ ಬಿಲ್ ಕಟ್ಟುದು ನಾವು. ಕಾಯಿಲೆ ಇಲ್ಲದ ಮರಿಗೆ ಆಂಟಿಬಯೋಟಿಕ್ ಬೇಡ. ಕೆಲವರು ಮಜ್ಜಿಗೆ ಕೊಡ್ತಾರೆ, ತೊಂದರೆ ಇಲ್ಲ ಆದ್ರೆ ಅದನ್ನೇ ನಂಬಿ ಕೂರ್ಬೇಡಿ, ಫಿನ್ಲೆಂಡಲ್ಲಿ ಕೆಲಸ ಮಾಡಿದ್ದು ಕೋಳಿಯ ಕರುಳಿಂದಲೇ ತೆಗೆದ ತುಂಬಾ ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣ. ಹಾಗಂತ ದೊಡ್ಡ ಕೋಳಿಯ ಹಿಕ್ಕೆಯನ್ನು ನೀವೇ ಕಲಸಿ ಮರಿಗೆ ಕೊಡ್ಲಿಕ್ಕೆ ಹೋಗ್ಬೇಡಿ, ಅದರಲ್ಲಿ ಬೇಡದ್ದೂ ಇರ್ತದೆ.

ನೀರು

ನಮ್ಮ ಕಡೆ ನೀರು ಅಂದ್ರೆ ಬಾವಿ, ಬೋರ್‌ವೆಲ್, ಎಣ್ಮಕಜೆ ಬಾಯಾರು ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗ. ಸುರಂಗದ ನೀರು ಕಣ್ಣಿಗೆ ಕನ್ನಡಿ ಹಾಗೆ ಕಾಣ್ತದೆ, ಹಾಗಂತ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ, ಮಳೆಗಾಲದಲ್ಲಿ ಮೇಲಿನ ಗುಡ್ಡದ ನೀರೆಲ್ಲ ಅದೇ ಮುರಕಲ್ಲಿನೊಳಗಿಂದ ಇಳಿದು ಬರುದು. ಬಾವಿಗಂತೂ ಕಟ್ಟೆ ಎತ್ತರ ಇಲ್ಲದಿದ್ರೆ ತೋಟದ ಕೋಳಿಗೊಬ್ಬರದ ನೀರು ಸೀದಾ ಒಳಗೆ.

ಕ್ಲೋರಿನ್ ಹಾಕುದು ಹೇಗೆ ಅಂದ್ರೆ, ಹೊಸ ಬ್ಲೀಚಿಂಗ್ ಪೌಡರಲ್ಲಿ ಮೂರರಲ್ಲಿ ಒಂದು ಪಾಲು ಕ್ಲೋರಿನ್ ಇರ್ತದೆ, 1000 ಲೀಟರ್ ಟ್ಯಾಂಕಿಗೆ ಸುಮಾರು 10 ಗ್ರಾಂ ಹಾಕಿದ್ರೆ 3 ಪಿಪಿಎಂ, ಅಂದ್ರೆ ಲೀಟರಿಗೆ 3 ಮಿಲಿಗ್ರಾಂ, ಆಗ್ತದೆ. ಸೀದಾ ಟ್ಯಾಂಕಿಗೆ ಸುರೀಬೇಡಿ, ಬಕೆಟಲ್ಲಿ ಕಲಸಿ, ತಳದಲ್ಲಿ ಸುಣ್ಣ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಇಲ್ಲದಿದ್ರೆ ಕೋಳಿ ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಳ್ತದೆ. ಅರ್ಧ ಗಂಟೆಯಾದ್ರೂ ಬಿಟ್ಟು ಆಮೇಲೆ ಲೈನಿಗೆ ಬಿಡಿ. ಬಾಯಿ ತೆರೆದಿಟ್ಟ ಹಳೇ ಪೌಡರಲ್ಲಿ ಶಕ್ತಿ ಇರುದಿಲ್ಲ, ಅದಕ್ಕೆ ಟೆಸ್ಟ್ ಸ್ಟ್ರಿಪ್ ತಗೊಂಡು ಲೈನಿನ ಕೊನೆಯ ನಿಪ್ಪಲಿನ ನೀರನ್ನು ನೋಡ್ಬೇಕು, ಟ್ಯಾಂಕಿನದ್ದಲ್ಲ. ಕೆಂಪು ಬಣ್ಣದ, ಕಬ್ಬಿಣ ಇರುವ ಬೋರ್ ನೀರು ಕ್ಲೋರಿನ್ನನ್ನು ತಿಂದುಬಿಡ್ತದೆ, ಅದಕ್ಕೆ ಸ್ವಲ್ಪ ಹೆಚ್ಚು ಬೇಕು. ಲಸೋಟಾ, ಗಂಬೋರೊ ಲಸಿಕೆ ನೀರಲ್ಲಿ ಕೊಡುದಾದ್ರೆ ಒಂದೆರಡು ದಿನ ಮೊದ್ಲೇ ಕ್ಲೋರಿನ್ ನಿಲ್ಲಿಸಿ, ಪ್ರೊಬಯೋಟಿಕ್ ಕೊಡುವಾಗಲೂ ಹಾಗೇ.

ಈಗ ಆಸಿಡಿಫೈಯರ್ ಬಗ್ಗೆ. ಫಾರ್ಮಿಕ್, ಪ್ರೊಪಿಯೋನಿಕ್ ಇಂಥ ಆಸಿಡ್‌ಗಳು ಸಾಲ್ಮೊನೆಲ್ಲಾಕ್ಕೆ ಆಗುದಿಲ್ಲ, ನೀರಲ್ಲೂ ಫೀಡಲ್ಲೂ ಕೊಡ್ತಾರೆ, ಆಂಟಿಬಯೋಟಿಕ್ ಬದಲು ನಾನು ಮೊದ್ಲು ಹೇಳುದು ಇದನ್ನೇ. ಆದ್ರೆ ನಮ್ಮ ಮುರಕಲ್ಲಿನ ಬಾವಿಯ ನೀರು ಮೊದ್ಲೇ ಸ್ವಲ್ಪ ಹುಳಿ, ಬಾಟ್ಲಿಯಲ್ಲಿ ಬರೆದ ಡೋಸ್ ಬೇರೆ ಊರಿನ ಗಡಸು ನೀರಿನ ಲೆಕ್ಕದಲ್ಲಿ ಇರ್ಬಹುದು, ಪಿಎಚ್ ಪೇಪರ್ ಹಾಕಿ ನೋಡದೆ ಸುರಿದ್ರೆ 4ಕ್ಕಿಂತ ಕೆಳಗೆ ಹೋಗಿ ಕೋಳಿ ನೀರು ಕುಡಿಯುದೇ ಕಡಿಮೆ ಮಾಡ್ತದೆ. ಒಂದು ಎಚ್ಚರಿಕೆ, ಇದು ಜೀವದ ಪ್ರಶ್ನೆ: ಆಸಿಡನ್ನೂ ಬ್ಲೀಚಿಂಗ್ ಪೌಡರನ್ನೂ ಯಾವತ್ತೂ ಒಂದೇ ಬಕೆಟಲ್ಲಿ ಕಲಸ್ಬೇಡಿ, ಕ್ಲೋರಿನ್ ಗ್ಯಾಸ್ ಎದ್ದು ಕಲಸಿದವರ ಶ್ವಾಸಕೋಶಕ್ಕೇ ಹೊಡೀತದೆ. ಒಂದು ವಾರ ಅದು ಒಂದು ವಾರ ಇದು ಅಂತ ಮಾಡಿ, ನಡುವೆ ಲೈನ್ ತೊಳೀರಿ. ಪೈಪಿನ ಒಳಗೆ ಕಟ್ಟುವ ಲೋಳೆಯಲ್ಲಿ ಸಾಲ್ಮೊನೆಲ್ಲಾ ಕೂತಿರ್ತದೆ, ವಿಟಮಿನ್ ಬೆಲ್ಲದ ನೀರು ಕೊಟ್ಟ ಮಾರನೇ ದಿನ ಲೈನನ್ನು ಜೋರಾಗಿ ಫ್ಲಶ್ ಮಾಡಿ.

ಉಮಿ ಒದ್ದೆ ಆಗದ ಹಾಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ನೀರು. ಉಮಿ ಇರ್ಲಿ, ಮರದ ಹುಡಿ ಇರ್ಲಿ, ತೆಂಗಿನ ಸಿಪ್ಪೆಯ ಹುಡಿ ಇರ್ಲಿ, ಅದರಲ್ಲಿ ತೇವ ನೂರಕ್ಕೆ 20, 25ರ ಆಚೆಗೆ ಹೋಗ್ಬಾರ್ದು. ಕೈಯಲ್ಲಿ ಒಂದು ಹಿಡಿ ತಗೊಂಡು ಅದುಮಿ ಬಿಡಿ, ಉದುರಿದ್ರೆ ಸರಿ, ಉಂಡೆ ಆಗಿ ನಿಂತ್ರೆ ಒದ್ದೆ ಹೆಚ್ಚಾಯ್ತು. ಒದ್ದೆ ಉಮಿಯಲ್ಲಿ ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ, ಕಾಕ್ಸಿಡಿಯಾ ಮೂರೂ ಒಟ್ಟಿಗೆ ಏಳ್ತವೆ, ಆಗಲೇ ಎಲ್ರೂ ಮದ್ದಿನ ಅಂಗಡಿಗೆ ಓಡುದು. ಮಾಡಿನ ಇಳಿಜಾರು ಮೂರು ನಾಲ್ಕು ಅಡಿ ಹೊರಗೆ ಇರ್ಲಿ, ಟಾರ್ಪಾಲನ್ನು ಮೇಲಿಂದ ಸ್ವಲ್ಪ ಬಿಟ್ಟು ಕಟ್ಟಿ, ಪೂರ್ತಿ ಮುಚ್ಚಿದ್ರೆ ಅಮೋನಿಯಾ ತುಂಬಿ ಕಣ್ಣು ಉರೀತದೆ, ಮನುಷ್ಯನ ಕಣ್ಣು ಉರಿದ್ರೆ ಕೋಳಿಯ ಗತಿ ಹೇಳ್ಬೇಕಾಗಿಲ್ಲ. ದಿನಾ ಕೆದಕಿ, ನಿಪ್ಪಲಿನ ಅಡಿಯ ಒದ್ದೆ ಉಮಿಯನ್ನು ತೆಗೆದು ಹೊರಗೆ ಹಾಕಿ. ಮಳೆಗಾಲಕ್ಕೆ ಮರಿ ಸ್ವಲ್ಪ ಕಡಿಮೆ ಹಾಕಿದ್ರೆ ನಷ್ಟ ಅಂತ ಕಾಣ್ತದೆ, ಮದ್ದಿನ ಬಿಲ್ ಪಕ್ಕದಲ್ಲಿಟ್ಟು ನೋಡಿದ್ರೆ ಅಲ್ಲ.

ಇಲಿ, ಕಪ್ಪು ಹುಳ, ಚಪ್ಪಲಿ

ಒಂದು ಬ್ಯಾಚ್ ಹೋಗಿ ಇನ್ನೊಂದು ಬರುವವರೆಗೆ ಶೆಡ್ಡಲ್ಲಿ ಸಾಲ್ಮೊನೆಲ್ಲಾವನ್ನು ಕಾಪಾಡಿಕೊಂಡು ಬರುದು ಇಲಿ, ಮತ್ತೆ ಉಮಿಯ ಅಡಿಯಲ್ಲಿ ಓಡುವ ಸಣ್ಣ ಕಪ್ಪು ಹುಳ. ಕೋಳಿ ಆ ಹುಳವನ್ನು ಹೆಕ್ಕಿ ತಿಂತದೆ, ಅಲ್ಲಿಗೆ ಮುಗೀತು. ಶೆಡ್ಡಿನ ಸುತ್ತ ಒಂದು ಮೀಟರ್ ಹುಲ್ಲು ಬೆಳೀಬಾರ್ದು, ಸೋಗೆ ಮಡಲು ತೆಂಗಿನ ಸಿಪ್ಪೆ ಗೋಡೆಗೆ ತಾಗಿಸಿ ರಾಶಿ ಹಾಕ್ಬಾರ್ದು, ಇಲಿಪಾಷಾಣವನ್ನು ಬ್ಯಾಚ್ ಖಾಲಿಯಾದ ಕೂಡ್ಲೇ ಕೋಳಿ, ನಾಯಿ, ಮಕ್ಕಳಿಗೆ ಸಿಗದ ಹಾಗೆ ಇಡಿ. ಕಾಗೆ ಗುಬ್ಬಿ ಬಾರದ ಹಾಗೆ ಬಲೆ.

ಬಾಗಿಲಲ್ಲಿ ಮದ್ದಿನ ನೀರಿನ ತೊಟ್ಟಿ ಇಡ್ತಾರಲ್ಲ, ಮಳೆಗಾಲದಲ್ಲಿ ಅದರಲ್ಲಿ ಎರಡು ಸಲ ಕೆಂಪು ಮಣ್ಣಿನ ಕಾಲು ಅದ್ದಿದ್ರೆ ಮದ್ದಿಗೆ ಶಕ್ತಿ ಇರುದಿಲ್ಲ, ದಿನಾ ಬದಲಾಯಿಸುವವರು ಕಡಿಮೆ. ಅದಕ್ಕಿಂತ ನನ್ನ ಪ್ರಕಾರ ಒಳ್ಳೇದು ಶೆಡ್ಡಿನೊಳಗಿನ ಚಪ್ಪಲಿ ಬೇರೆಯೇ ಇಡುದು. ಬಾಗಿಲಲ್ಲಿ ಅಡ್ಡಕ್ಕೆ ಒಂದು ಮೊಣಕಾಲೆತ್ತರದ ಹಲಗೆ, ಹಲಗೆಯ ಹೊರಗೆ ಹೊರಗಿನ ಚಪ್ಪಲಿ ಬಿಟ್ಟು ಒಳಗೆ ಒಳಗಿನದ್ದನ್ನು ಹಾಕುದು, ಸೂಪರ್‌ವೈಸರಿಗೂ ಲಸಿಕೆಯವರಿಗೂ ಇದೇ ನಿಯಮ.

ಮನೆಯಲ್ಲೇ ಫೀಡ್ ಮಿಕ್ಸ್ ಮಾಡುವವರಿಗೆ ಒಂದು ಮಾತು. ಮಂಜೇಶ್ವರ ಕಡೆ ಒಣಮೀನಿನ ಹುಡಿ ಕಡಿಮೆಗೆ ಸಿಕ್ತದೆ ಅಂತ ಹಾಕ್ತಾರೆ, ಮೀನಿನ ಹುಡಿ, ಮಾಂಸದ ಹುಡಿ, ಸೋಯಾ ಹಿಂಡಿ ಇವುಗಳ ಮೂಲಕ ಸಾಲ್ಮೊನೆಲ್ಲಾ ಬರುದು ಹಳೇ ದಾರಿ. 80 ಡಿಗ್ರಿ ಮೇಲೆ ಬಿಸಿ ಮಾಡಿದ ಪೆಲೆಟ್ ಫೀಡ್ ಈ ವಿಷಯದಲ್ಲಿ ಮೇಲು, ಆದ್ರೆ ಅದನ್ನೂ ನೆಲದಲ್ಲಿ ಇಟ್ಟು ಇಲಿ ಹತ್ತಿದ್ರೆ ಆ ಬಿಸಿಯ ಲಾಭ ಹೋಯ್ತು. ಮರದ ಪಟ್ಟಿ ಮೇಲೆ, ಗೋಡೆಯಿಂದ ದೂರ.

ಫೀಡಿನ ಆಂಟಿಬಯೋಟಿಕ್ ನಿಲ್ಲಿಸುದು ಯಾವಾಗ

ಇಲ್ಲಿ ಅವಸರ ಬೇಡ. ಮೇಲೆ ಹೇಳಿದ ನೀರು, ಉಮಿ, ಬ್ರೂಡಿಂಗ್ ಸರಿ ಮಾಡದೆ ಮದ್ದು ಮಾತ್ರ ನಿಲ್ಲಿಸಿದ್ರೆ ಕ್ಲಾಸ್ಟ್ರಿಡಿಯಂನಿಂದ ಕರುಳು ಕೊಳೆಯುವ ಕಾಯಿಲೆ ಬರುವ ಸಾಧ್ಯತೆ ಉಂಟು, ಒಮ್ಮೆ ಹಾಗಾದವರು ಮತ್ತೆ ಜೀವಮಾನದಲ್ಲಿ ಮದ್ದು ಬಿಡುದಿಲ್ಲ. ಮೊದಲ ಸಲ ಡಿಸೆಂಬರ್–ಜನವರಿಯ ಬ್ಯಾಚಲ್ಲಿ ನಿಲ್ಲಿಸಿ ನೋಡಿ, ಆಗ ಉಮಿ ಒಣಗಿರ್ತದೆ. ಎರಡು ಶೆಡ್ ಇದ್ರೆ ಒಂದರಲ್ಲಿ ಮಾತ್ರ. ರಕ್ತಭೇದಿ ತಡೆಯುವ ಮದ್ದು ಹಾಗೇ ಇರ್ಲಿ. ಎರಡೂ ಶೆಡ್ಡಿನ ಸಾವು, ತೂಕ, ಎಫ್‌ಸಿಆರ್, ಮದ್ದಿನ ಖರ್ಚು ನಾಲ್ಕನ್ನೂ ಬರೆದು ಹೋಲಿಸಿ.

ಬೇರೆಯವರ ಅನುಭವ ಧೈರ್ಯ ಕೊಡುವಂಥದ್ದೇ. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು 1998ರಲ್ಲಿ ತಾವಾಗೇ ಬೆಳವಣಿಗೆಯ ಆಂಟಿಬಯೋಟಿಕ್ ನಿಲ್ಲಿಸಿದ್ರು, ಫೀಡ್ ಖರ್ಚು ಒಂಚೂರು ಹೆಚ್ಚಾಯ್ತು, ಸಾಯುವ ಕೋಳಿ ಹೆಚ್ಚಾಗ್ಲಿಲ್ಲ. ಸ್ವೀಡನ್ ಕಥೆ ಇನ್ನೂ ಮುಖ್ಯ. 1953ರಲ್ಲಿ ಅಲ್ಲಿ ಆಲ್ವೆಸ್ತಾ ಅನ್ನುವ ಊರಿನ ಕಸಾಯಿಖಾನೆಯ ಮಾಂಸದಿಂದ ಸಾಲ್ಮೊನೆಲ್ಲಾ ಹಬ್ಬಿ ಸುಮಾರು 9000 ಜನ ಕಾಯಿಲೆ ಬಿದ್ರು, 90ರಷ್ಟು ಜನ ಸತ್ರು. ಅಲ್ಲಿಂದ ಅವರು ಫೀಡ್ ಬಿಸಿ ಮಾಡುದು, ಪರೀಕ್ಷೆ ಮಾಡುದು, ಸಾಲ್ಮೊನೆಲ್ಲಾ ಸಿಕ್ಕಿದ ಹಿಂಡನ್ನೇ ತೆಗೆಯುದು ಅಂತ ಹಿಡಿದ್ರು, 1986ರಲ್ಲಿ ಬೆಳವಣಿಗೆಗೆ ಫೀಡಲ್ಲಿ ಆಂಟಿಬಯೋಟಿಕ್ ಹಾಕುದನ್ನು ಜಗತ್ತಲ್ಲೇ ಮೊದ್ಲು ನಿಷೇಧ ಮಾಡಿದ್ರು, ಇವತ್ತಿಗೂ ಕೋಳಿಯಲ್ಲಿ ಸಾಲ್ಮೊನೆಲ್ಲಾ ತೀರಾ ಕಡಿಮೆ ಇರುವ ದೇಶ ಅದು. ಇಡೀ ಯುರೋಪ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಅವರದ್ದು ಚಳಿ ದೇಶ, ದುಡ್ಡಿನ ದೇಶ, ನಮಗೆ ಎಲ್ಲವೂ ಹಾಗೇ ಆಗ್ಲಿಕ್ಕಿಲ್ಲ, ಆದ್ರೆ ಮದ್ದಿಲ್ಲದೆ ಸಾಲ್ಮೊನೆಲ್ಲಾ ತಡೀಲಿಕ್ಕೆ ಸಾಧ್ಯವೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ತೋರಿಸಿ.

ಕಾಯಿಲೆ ಬಂದೇ ಬಂತು ಅಂತಾದ್ರೆ

ಸತ್ತ ಕೋಳಿಗಳಲ್ಲಿ ಅದೇ ದಿನ ಸತ್ತ ಮೂರು ನಾಲ್ಕನ್ನು ಪ್ಲಾಸ್ಟಿಕಲ್ಲಿ ಕಟ್ಟಿ ಐಸಿಟ್ಟು ಮೃಗಾಸ್ಪತ್ರೆಗೆ ತಗೊಂಡು ಹೋಗಿ, ಕೊಯ್ದು ನೋಡದೆ ಮದ್ದು ಹೇಳಿಸ್ಕೊಳ್ಬೇಡಿ, ಫೋನಲ್ಲಿ ಅಂತೂ ಬೇಡವೇ ಬೇಡ. ಯಾವ ಮದ್ದಿಗೆ ಬಗ್ತದೆ ಅಂತ ನೋಡುವ ಸೆನ್ಸಿಟಿವಿಟಿ ಟೆಸ್ಟ್ ಮಾಡಿಸ್ಲಿಕ್ಕೆ ಡಾಕ್ಟ್ರ ಹತ್ರ ಕೇಳಿ. ಆಂಟಿಬಯೋಟಿಕ್ ಬೇಕು ಅಂತ ಡಾಕ್ಟ್ರು ಚೀಟಿ ಬರೆದ್ರೆ ಹೇಳಿದ ಡೋಸಲ್ಲಿ, ಹೇಳಿದಷ್ಟು ದಿನ, ಪೂರ್ತಿ ಕೊಡಿ, ಕೋಳಿಗೆ ಕಷ್ಟ ಬಂದಾಗ ಮದ್ದು ಕೊಡುದು ತಪ್ಪಲ್ಲ. ಹೆಸರು, ತಾರೀಕು, ಡೋಸ್, ಎಷ್ಟು ದಿನ ಅಂತ ಪುಸ್ತಕದಲ್ಲಿ ಬರೀರಿ, ಲೇಬಲಲ್ಲಿ ಹೇಳಿದ ಕಾಯುವ ದಿನ ಮುಗಿಯದೆ ಮಾರ್ಬೇಡಿ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು, ಕಾಯುವ ದಿನ ಮುಗಿದ್ರೆ ಮಾಂಸದಲ್ಲಿ ಮದ್ದಿನ ಅಂಶ ಮಿತಿಯೊಳಗೆ ಇಳೀತದೆ ಅಷ್ಟೆ, ಮದ್ದಿಗೆ ಬಗ್ಗದ ಸಾಲ್ಮೊನೆಲ್ಲಾ ಹುಟ್ಟಿದ್ರೆ ಅದು ಯಾವ ದಿನ ಎಣಿಸಿದ್ರೂ ಹೋಗುದಿಲ್ಲ. ಮದ್ದು ಕೊಟ್ಟ ಮಾತ್ರಕ್ಕೆ ಹಿಂಡಿಂದ ಸಾಲ್ಮೊನೆಲ್ಲಾ ಪೂರ್ತಿ ಹೋಗುದೂ ಇಲ್ಲ, ಸಾವು ನಿಲ್ತದೆ, ಬ್ಯಾಕ್ಟೀರಿಯಾ ಕರುಳಲ್ಲಿ ಉಳೀತದೆ.

ಡಾಕ್ಟ್ರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಹಾಗಿಲ್ಲ, ಪ್ರಾಣಿಯ ಮದ್ದಿಗೂ ಅದೇ ಕಾನೂನು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ತಡೀಲಿಕ್ಕೆ ರಾಜ್ಯಮಟ್ಟದ ಯೋಜನೆ ಮಾಡಿದ ಮೊದಲ ರಾಜ್ಯ ಕೇರಳ, 2018ರಲ್ಲಿ, ಅದರಲ್ಲಿ ಕೋಳಿ, ದನ, ಮೀನು ಎಲ್ಲ ಸೇರ್ತದೆ.

ಕಾಯಿಲೆ ಇಲ್ಲದಿದ್ರೂ ವರ್ಷಕ್ಕೊಮ್ಮೆಯಾದ್ರೂ ಪರೀಕ್ಷೆ ಮಾಡಿಸಿ. ಹೊಸ ಪ್ಲಾಸ್ಟಿಕ್ ಕವರ್ ಕಾಲಿಗೆ ಕಟ್ಟಿ, ಅದರ ಮೇಲೆ ಕ್ಲೀನ್ ಗಾಜ್ ಬಟ್ಟೆ ಸುತ್ತಿ ಒದ್ದೆ ಮಾಡಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಪೂರ್ತಿ ನಡೀರಿ, ಆ ಬಟ್ಟೆಯೇ ಸ್ಯಾಂಪಲ್. ಕೋಳಿ ಮಾರುವ ಎರಡು ಮೂರು ವಾರ ಮೊದ್ಲು ಮಾಡಿದ್ರೆ ರಿಪೋರ್ಟ್ ಬರುವಾಗ ಏನಾದ್ರೂ ಮಾಡ್ಲಿಕ್ಕೆ ಸಮಯ ಇರ್ತದೆ. ಎಲ್ಲಿಗೆ ಕಳಿಸುದು ಅಂತ ನಿಮ್ಮ ಮೃಗಾಸ್ಪತ್ರೆಯಲ್ಲಿ ಕೇಳಿ, ವಯನಾಡಿನ ಪೂಕೋಡಲ್ಲಿ ವೆಟರ್ನರಿ ಕಾಲೇಜು ಉಂಟು.

ಕೋಳಿ ಹಿಡಿಯುವ ದಿನ, ಆಮೇಲೆ ಗೊಬ್ಬರ

ಲಾರಿ ಬರುವ ಎಂಟು ಹತ್ತು ಗಂಟೆ ಮೊದ್ಲು ಫೀಡ್ ಎತ್ತಿ, ನೀರು ಮಾತ್ರ ಹಿಡಿಯುವವರೆಗೂ ಇರ್ಲಿ. ಅದಕ್ಕಿಂತ ಹೆಚ್ಚು ಹೊತ್ತು ಹಸಿವಲ್ಲಿ ಇಟ್ರೆ ಕೋಳಿ ಉಮಿಯನ್ನೇ ಕುಕ್ಕಿ ತಿಂತದೆ, ಸಾಲ್ಮೊನೆಲ್ಲಾ ಗಂಟಲ ಚೀಲ ತುಂಬ್ತದೆ, ಕಡಿಯುವಾಗ ಆ ಚೀಲ ಒಡೆದು ಮಾಂಸಕ್ಕೆ ಹತ್ತಿಕೊಳ್ತದೆ. ಫೀಡ್ ಎತ್ತದೇ ಇದ್ರೆ ಕರುಳು ತುಂಬಿದ್ದು ಒಡೀತದೆ. ವ್ಯಾಪಾರಿಯ ಕ್ರೇಟು ಬೇರೆ ಫಾರ್ಮಿನ ಹಿಕ್ಕೆ ಸಮೇತ ಬರ್ತದೆ, ಅರ್ಧ ಕೋಳಿ ಇವತ್ತು ಅರ್ಧ ನಾಲ್ಕು ದಿನ ಬಿಟ್ಟು ಹಿಡಿಸಿದ್ರೆ ಉಳಿದ ಅರ್ಧಕ್ಕೆ ಅದು ಹತ್ತುದು ಖಂಡಿತ ಅಂತಲೇ ಇಟ್ಕೊಳ್ಳಿ. ಸಾಧ್ಯ ಇದ್ರೆ ಒಂದೇ ದಿನ ಖಾಲಿ ಮಾಡಿ, ಇಲ್ಲದಿದ್ರೆ ಕ್ರೇಟು ಶೆಡ್ಡಿನ ಒಳಗೆ ಬಾರದೆ ಬಾಗಿಲಲ್ಲೇ ನಿಲ್ಲಲಿ.

ಖಾಲಿಯಾದ ಮೇಲೆ ಮೊದ್ಲು ಉಮಿ ಪೂರ್ತಿ ಹೊರಗೆ, ಆಮೇಲೆ ಸೋಪಿನ ನೀರಲ್ಲಿ ತಿಕ್ಕುದು, ತೊಳೆಯುದು, ಒಣಗಿಸುದು, ಆಮೇಲೆ ಮಾತ್ರ ಕ್ರಿಮಿನಾಶಕ, ಕೊನೆಗೆ ಸುಣ್ಣ. ಹಿಕ್ಕೆ ಅಂಟಿದ ನೆಲದ ಮೇಲೆ ಎಷ್ಟು ದುಬಾರಿ ಕ್ರಿಮಿನಾಶಕ ಹೊಡೆದ್ರೂ ಅದು ಹಿಕ್ಕೆಗೇ ಖರ್ಚಾಗ್ತದೆ. ಹತ್ತು ಹದಿನಾಲ್ಕು ದಿನ ಶೆಡ್ ಖಾಲಿ ಬಿಡಿ.

ಗೊಬ್ಬರ ಎಲ್ಲ ಅಡಿಕೆ ತೋಟಕ್ಕೆ ಹೋಗುದು ನಮ್ಮಲ್ಲಿ, ಬೆಲೆಯೂ ಉಂಟು. ಹಸಿಯಾಗಿ ಸೀದಾ ಬುಡಕ್ಕೆ ಹಾಕಿದ್ರೆ ಅದರಲ್ಲಿದ್ದ ಸಾಲ್ಮೊನೆಲ್ಲಾ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ, ಹೊಟ್ಟೆಯಲ್ಲಿ ಕರಗದೆ ಹೊರಬಿದ್ದ ಆಂಟಿಬಯೋಟಿಕ್ ಎಲ್ಲ ಮೊದಲ ಮಳೆಗೆ ಬಾವಿಗೂ ತೋಡಿಗೂ ಇಳೀತವೆ. ರಾಶಿ ಹಾಕಿ, ಟಾರ್ಪಾಲ್ ಮುಚ್ಚಿ, ಒಳಗೆ 55, 60 ಡಿಗ್ರಿ ಬಿಸಿ ಏರ್ಬೇಕು, ಉದ್ದದ ಕಬ್ಬಿಣದ ಸರಳು ಒಳಗೆ ತೂರಿಸಿ ತೆಗೆದು ಮುಟ್ಟಿದ್ರೆ ಕೈ ಇಡ್ಲಿಕ್ಕೆ ಆಗ್ಬಾರ್ದು, ಬಿಸಿ ಇಳಿದಾಗ ಮಗುಚಿ ಮತ್ತೆ ಮುಚ್ಚಿ, ಹೊರಗಿನದ್ದು ಒಳಗೆ ಹೋಗುವ ಹಾಗೆ ಎರಡು ಮೂರು ಸಲ. ರಾಶಿ ಬಾವಿಯಿಂದ ದೂರ, ಇಳಿಜಾರಲ್ಲಿ ಬಾವಿಗಿಂತ ಕೆಳಗಡೆ ಇರ್ಲಿ. ಮೇ ತಿಂಗಳ ಕೊನೆಗೆ ಖಾಲಿಯಾಗುವ ಬ್ಯಾಚಿನ ಗೊಬ್ಬರವನ್ನು ಮಳೆ ಶುರುವಾಗುವ ಮೊದ್ಲು ತೋಟಕ್ಕೆ ಎರಚಿಬಿಡುವ ಅಂತ ಕಾಣ್ತದೆ, ಅದನ್ನು ಮಾಡ್ಬೇಡಿ, ಮುಚ್ಚಿಟ್ಟು ಸೆಪ್ಟೆಂಬರ್ ಕೊನೆಗೆ ಮಳೆ ಇಳಿದ ಮೇಲೆ ಹಾಕಿ.